ಬಿಸಿ ನೊರೆಯೋ, ತಣ್ಣನೆಯ ನೊರೆಯೋ?

ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತವರ ಮುಖಕ್ಕೆ ಬಿಸಿ ನೊರೆ ಹಚ್ಚಬೇಕೋ ತಣ್ಣನೆಯದನ್ನು ಹಚ್ಚಬೇಕೋ ಎಂಬ ಪ್ರಶ್ನೆ ಪರಿಸರ ಚಿಂತನೆಯ ಪುಟಗಳಿಗೆ ತೀರ ಹಗುರವಾದುದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ನೀರು, ವಿದ್ಯುತ್ತು, ಎಣ್ಣೆ ಮತ್ತು ಮನುಷ್ಯನ ಸಮಯ ಈ ನಾಲ್ಕೂ ಒಂದೇ ಬಟ್ಟಲಿನಲ್ಲಿ ಸೇರುವ ಸಂದರ್ಭಗಳು ನಿತ್ಯದ ಬದುಕಿನಲ್ಲಿ ಹೆಚ್ಚಿಲ್ಲ. ನಾಲ್ಕರಲ್ಲಿ ಯಾವುದನ್ನು ಖರ್ಚು ಮಾಡಿ ಯಾವುದನ್ನು ಉಳಿಸಬೇಕೆಂಬುದು ಬೆಂಗಳೂರಿನಂಥ ನಗರಕ್ಕೆ ಇಂದು ಗಂಭೀರವಾದ ಪ್ರಶ್ನೆ. ಆ ನಗರದ ನೀರಿಗೂ ಬೆಳಕಿಗೂ ತನ್ನ ಕಣಿವೆಗಳನ್ನು ಒಡ್ಡಿಕೊಂಡಿರುವ ಮಲೆನಾಡಿಗೂ ಇದು ಸಂಬಂಧಿಸಿದ ವಿಷಯವೇ.

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಇಂದು ಎರಡು ಬಗೆಯ ಕ್ಷೌರದಂಗಡಿಗಳು ಅಕ್ಕಪಕ್ಕದಲ್ಲೇ ನಡೆಯುತ್ತಿವೆ. ಒಂದೇ ಶಟರಿನ, ಎರಡು ಮೂರು ಕುರ್ಚಿಯ ಹಳೆಯ ಅಂಗಡಿ ಮೊದಲನೆಯದು. ಅಲ್ಲಿರುವುದು ಒಂದು ಮಗ್ ನೀರು, ಬ್ರಷ್ಷು, ಕ್ರೀಮಿನ ಟ್ಯೂಬು, ನೀರು ಚಿಮ್ಮಿಸುವ ಬಾಟಲಿ, ಕೊನೆಗೆ ಉಜ್ಜಲು ಒಂದು ಪಟಿಕದ ಗಡ್ಡೆ. ಗಾಜಿನ ಬಾಗಿಲಿನ, ತಂಪು ಯಂತ್ರವಿರುವ ಹೊಸ ಸಲೂನು ಎರಡನೆಯದು. ಅಲ್ಲಿ ಗೀಸರಿನ ನೀರು, ಹಬೆಯಾಡುವ ಟವೆಲ್ಲು, ಡಬ್ಬಿ ಒತ್ತಿದರೆ ಚಿಮ್ಮುವ ನೊರೆ. ಬಿಸಿ ಎಂದರೆ ಉತ್ತಮ ದರ್ಜೆ, ತಣ್ಣೀರು ಎಂದರೆ ಬಡವರ ಪಾಡು ಎಂಬ ಭಾವನೆ ಗಿರಾಕಿಗಳಲ್ಲಿ ಮೆಲ್ಲನೆ ಬೇರೂರುತ್ತಿದೆ. ಇದಕ್ಕೆ ತದ್ವಿರುದ್ಧವಾಗಿ, ತಣ್ಣನೆಯ ನೊರೆಯೇ ಚರ್ಮಕ್ಕೆ ಹಿತ, ಬಿಸಿಯಿಂದ ಮುಖ ಒಣಗುತ್ತದೆ ಎಂದು ವಾದಿಸುವವರೂ ಉಂಟು. ಎರಡು ನಂಬಿಕೆಗಳನ್ನೂ ಪರೀಕ್ಷೆಗೊಡ್ಡಿ ನೋಡುವುದು ಒಳ್ಳೆಯದು.

ಮೆದುವಾಗಿಸುವುದು ಯಾವುದು?

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಉಗುರು, ಕೊಂಬು, ಗೊರಸುಗಳಲ್ಲಿ ಇರುವುದೂ ಇದೇ. ಒಣಗಿದಾಗ ಬಿಗಿದುಕೊಂಡಿರುವ ಇದರ ಎಳೆಗಳ ನಡುವೆ ನೀರು ಹೊಕ್ಕಾಗ ಅವುಗಳನ್ನು ಹಿಡಿದಿಟ್ಟ ದುರ್ಬಲ ಬಂಧಗಳು ಸಡಿಲಗೊಳ್ಳುತ್ತವೆ. ಕೂದಲು ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ನೀರು ಹೀರಿ ಉಬ್ಬಬಲ್ಲದು. ಹಾಗೆ ಉಬ್ಬಿದ ಕೂದಲನ್ನು ಕತ್ತರಿಸಲು ಬ್ಲೇಡಿಗೆ ಬೇಕಾದ ಬಲ ಎಷ್ಟೋ ಕಡಿಮೆ. ಗಡ್ಡವನ್ನು ಮೆದುವಾಗಿಸುವುದು ನೀರೇ ಹೊರತು ಶಾಖವಲ್ಲ. ನೀರು ಒಳಹೊಗುವ ವೇಗವನ್ನು ಹೆಚ್ಚಿಸುವುದಷ್ಟೇ ಶಾಖದ ಕೆಲಸ.

ಸಾಬೂನಿನ ಪಾತ್ರವೂ ಇಷ್ಟೇ ಸರಳ. ಕೂದಲಿಗೆ ಅಂಟಿದ ಜಿಡ್ಡನ್ನು ಬಿಡಿಸಿ ಅದು ನೀರಿಗೆ ದಾರಿ ಮಾಡಿಕೊಡುತ್ತದೆ. ನೊರೆಯಾಗಿ ನಿಂತು, ಆ ನೀರು ಹರಿದುಹೋಗದಂತೆಯೂ ಒಣಗದಂತೆಯೂ ಮುಖದ ಮೇಲೆ ಹಿಡಿದಿಡುತ್ತದೆ. ಬ್ಲೇಡು ಜಾರಲು ಮೆತ್ತನೆಯ ಹಾಸನ್ನು ಒದಗಿಸುತ್ತದೆ. ನೊರೆಯೊಳಗಿನ ಗಾಳಿಗೆ ಕೂದಲನ್ನು ಮೆದುಗೊಳಿಸುವ ಶಕ್ತಿಯಿಲ್ಲ. ಆದ್ದರಿಂದ ನೊರೆ ಎಷ್ಟು ಉಬ್ಬಿದೆ ಎಂಬುದಕ್ಕಿಂತ ಅದು ಎಷ್ಟು ನೀರನ್ನು ಹಿಡಿದಿದೆ, ಎಷ್ಟು ಹೊತ್ತು ಮುಖದ ಮೇಲಿತ್ತು ಎಂಬುದು ಮುಖ್ಯ.

ಕೃಷಿಕ ಕುಟುಂಬಗಳಿಗೆ ಈ ಸಂಗತಿ ಹೊಸದೇನಲ್ಲ. ರಾತ್ರಿಯೇ ನೆನೆಹಾಕಿದ ಕಡಲೆ ಬೇಯಲು ಕಡಿಮೆ ಸೌದೆ ಸಾಕು. ನೆನೆಹಾಕಲು ಮರೆತವರು ಒಲೆಗೆ ಹೆಚ್ಚು ಉರಿ ಕೊಡಬೇಕು. ಗಡ್ಡದ ವಿಷಯದಲ್ಲಿಯೂ ನಿಯಮ ಇದೇ. ಮೂರು ನಾಲ್ಕು ನಿಮಿಷ ಬ್ರಷ್ಷಾಡಿಸಿದರೆ ತಣ್ಣನೆಯ ನೀರು ತನ್ನ ಕೆಲಸವನ್ನು ಪೂರೈಸುತ್ತದೆ. ಅಷ್ಟು ವ್ಯವಧಾನವಿಲ್ಲದಿದ್ದಾಗ ಬಿಸಿ ಬೇಕಾಗುತ್ತದೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಶಾಖವು ಸಮಯದ ಬದಲಿ. ಹಡಪ ಹಿಡಿದು ಮನೆ ಮನೆಗೆ ಬರುತ್ತಿದ್ದ ಕ್ಷೌರಿಕರು ಸಾಬೂನಿಲ್ಲದೆ, ಬಟ್ಟಲಿನ ತಣ್ಣೀರನ್ನೇ ಬೆರಳುಗಳಿಂದ ಗಡ್ಡಕ್ಕೆ ತಟ್ಟಿ, ಉಜ್ಜಿ, ಮತ್ತೆ ತಟ್ಟಿ ಕತ್ತಿ ಆಡಿಸುತ್ತಿದ್ದರು. ಅವರಲ್ಲಿದ್ದ ಬಂಡವಾಳ ಬೆರಳುಗಳ ತಾಳ್ಮೆ.

ಬಿಸಿನೀರಿಗೆ ಚರ್ಮದ ರಂಧ್ರಗಳು ತೆರೆಯುತ್ತವೆ, ತಣ್ಣೀರಿಗೆ ಮುಚ್ಚುತ್ತವೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಬಾಗಿಲಿನಂತೆ ತೆರೆದು ಮುಚ್ಚಲು ಆ ರಂಧ್ರಗಳಿಗೆ ಸ್ನಾಯುಗಳೇ ಇಲ್ಲ. ಬಿಸಿಗೆ ಹಿಗ್ಗುವುದು, ತಂಪಿಗೆ ಕುಗ್ಗುವುದು ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು. ಅದರಿಂದಲೇ ಬಿಸಿ ಟವೆಲ್ಲಿನ ನಂತರ ಮುಖ ಕೆಂಪೇರುತ್ತದೆ. ಅತಿಯಾದ ಬಿಸಿ ಚರ್ಮದ ಸಹಜ ಜಿಡ್ಡನ್ನು ತೆಗೆದು ಒಣಗಿಸುವುದೂ ನಿಜ. ಬೇಕೆಂದರೂ ಬೆರಳಿಗೆ ಹಿತವೆನಿಸುವಷ್ಟು ಬಿಸಿ ಸಾಕು.

ಇನ್ನೊಂದು ಭ್ರಮೆ ಹೆಚ್ಚು ಅಪಾಯಕಾರಿ. ಬಿಸಿನೀರಿನಲ್ಲಿ ಅದ್ದಿದ ಬ್ಲೇಡು, ಬ್ರಷ್ಷುಗಳು ಶುದ್ಧವಾದವೆಂದು ಹಲವರು ಭಾವಿಸುತ್ತಾರೆ. ಹೆಪಟೈಟಿಸ್-ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಮಗ್ಗಿನ ಬಿಸಿನೀರು ಅದನ್ನು ಕೊಲ್ಲಲಾರದು. ಮೊದಲ ಮಹಾಯುದ್ಧದ ಕಾಲದಲ್ಲಿ ಸೋಂಕಿದ ಕುದುರೆ ಕೂದಲಿನ ಬ್ರಷ್ಷುಗಳಿಂದ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಜನರಿಗೆ ಆಂಥ್ರಾಕ್ಸ್, ಅಂದರೆ ದನಗಳ ನೆರಡಿ ರೋಗ, ತಗುಲಿದ್ದು ದಾಖಲಾಗಿದೆ. ನೊರೆ ಬಿಸಿಯಿರಲಿ ತಣ್ಣಗಿರಲಿ, ಪ್ರತಿ ಮುಖಕ್ಕೆ ಹೊಸ ಬ್ಲೇಡು ಮತ್ತು ತೊಳೆದು ಒಣಗಿಸಿದ ಬ್ರಷ್ಷು ಇರಲೇಬೇಕು.

ಬಟ್ಟಲಿನ ಲೆಕ್ಕ, ನಲ್ಲಿಯ ಲೆಕ್ಕ

ಹಾಗಾದರೆ ಬಿಸಿ ನೊರೆ ಪರಿಸರಕ್ಕೆ ದುಬಾರಿಯೇ? ಲೆಕ್ಕ ಹಾಕಿ ನೋಡಿದರೆ ಉತ್ತರ ತುಸು ಅಚ್ಚರಿ ಹುಟ್ಟಿಸುತ್ತದೆ. ಬಟ್ಟಲೊಂದರ 200 ಮಿಲಿಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಬೇಕಾದುದು ಸುಮಾರು 8 ವ್ಯಾಟ್-ಗಂಟೆ ವಿದ್ಯುತ್ತು. ಅಂದರೆ ಒಂದು ಯೂನಿಟ್ಟಿನಲ್ಲಿ 120 ಬಟ್ಟಲು ನೀರು ಕಾಯಿಸಬಹುದು. ದಿನವಿಡೀ ದುಡಿಯುವ ಅಂಗಡಿಗೂ ಇದು ಹೊರೆಯಲ್ಲ.

ಈಗ ತಣ್ಣೀರಿನ ಲೆಕ್ಕವನ್ನು ಗಮನಿಸಬೇಕು. ವಿಜಯನಗರದ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬಂದದ್ದು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಮೂರು ಹಂತಗಳಲ್ಲಿ ಅದನ್ನು ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಲಾಗುತ್ತದೆ. ಒಂದು ಲೀಟರ್ ನೀರನ್ನು ಅಷ್ಟು ಎತ್ತರಕ್ಕೇರಿಸಲು ಭೌತಶಾಸ್ತ್ರದ ಲೆಕ್ಕದಂತೆ ಕನಿಷ್ಠ 1.36 ವ್ಯಾಟ್-ಗಂಟೆ ಬೇಕು. ಪಂಪು ಮತ್ತು ಕೊಳವೆಗಳ ನಷ್ಟವನ್ನು ಸೇರಿಸಿದರೆ ಅದು 2ರ ಸಮೀಪಕ್ಕೆ ಬರುತ್ತದೆ. ನಾಲ್ಕು ಲೀಟರ್ ತಣ್ಣೀರು ಚರಂಡಿಗೆ ಹರಿದುಹೋದರೆ ಒಂದು ಬಟ್ಟಲು ನೀರು ಕಾಯಿಸಿದಷ್ಟು ವಿದ್ಯುತ್ತು ಅದರೊಡನೆ ಹರಿದುಹೋಯಿತೆಂದೇ ಅರ್ಥ.

ಮನೆಯ ಸಿಂಕಿನ ಮುಂದೆ ನಿಂತು, ನಿಮಿಷಕ್ಕೆ 6 ಲೀಟರ್ ಸುರಿಯುವ ನಲ್ಲಿಯನ್ನು ಮೂರು ನಿಮಿಷ ತೆರೆದಿಟ್ಟು ಗಡ್ಡ ಬೋಳಿಸಿಕೊಳ್ಳುವವರು 18 ಲೀಟರ್ ನೀರು ಹರಿಸುತ್ತಾರೆ. ಅದು ತಣ್ಣೀರೇ ಆಗಿದ್ದರೂ ನಾಲ್ಕು ಬಟ್ಟಲು ಬಿಸಿನೀರಿಗಿಂತ ದುಬಾರಿ. ಅದೇ ನಲ್ಲಿ ಗೀಸರಿನದಾಗಿದ್ದು ನೀರು 40 ಡಿಗ್ರಿಯದಾದರೆ, ಕಾಯಿಸಲಿಕ್ಕೆಂದೇ 300 ವ್ಯಾಟ್-ಗಂಟೆಗೂ ಮಿಕ್ಕಿ ವಿದ್ಯುತ್ತು ಬೇಕು. ಬಟ್ಟಲಿನ ಲೆಕ್ಕದಲ್ಲಿ ಇದು 38 ಮಂದಿಯ ಕ್ಷೌರಕ್ಕೆ ಸಮ. ಬಿಸಿನೀರು ಬರುವವರೆಗೆ ಕೊಳವೆಯಲ್ಲಿ ನಿಂತ ತಣ್ಣೀರನ್ನು ಸುಮ್ಮನೆ ಹರಿಯಬಿಡುವುದು ಬೇರೆ. ದಿನವಿಡೀ ನೀರನ್ನು ಕಾಯಿಸಿಟ್ಟುಕೊಳ್ಳುವ ಗೀಸರು ಯಾರೂ ಬಳಸದಿದ್ದಾಗಲೂ ಶಾಖವನ್ನು ಕಳೆದುಕೊಳ್ಳುತ್ತಲೇ ಇರುತ್ತದೆ.

ಮಗ್, ಬ್ರಷ್ಷು, ಚಿಮ್ಮುವ ಬಾಟಲಿಗಳಿಂದಲೇ ಕೆಲಸ ಮುಗಿಸುವ ಹಳೆಯ ಅಂಗಡಿಯ ಕ್ಷೌರವು ನೀರಿನ ಮಿತವ್ಯಯದಲ್ಲಿ ಮಧ್ಯಮವರ್ಗದ ಬಚ್ಚಲುಮನೆಯನ್ನು ಸುಲಭವಾಗಿ ಮೀರಿಸುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಜಲಮಂಡಳಿಯು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರ್‌ಗಳನ್ನು ಕಡ್ಡಾಯಗೊಳಿಸಿತು. ವಾಹನ ತೊಳೆಯಲು ಕುಡಿಯುವ ನೀರು ಬಳಸಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ನಲ್ಲಿಯನ್ನೇ ತೆರೆಯದೆ ಮುಖಕ್ಷೌರ ಮಾಡುವ ವಿದ್ಯೆ ಅದೇ ನಗರದ ಗಲ್ಲಿ ಗಲ್ಲಿಗಳಲ್ಲಿತ್ತು. ಅದನ್ನು ನೀರುಳಿತಾಯದ ಪಾಠವೆಂದು ಗುರುತಿಸಿದವರು ವಿರಳ.

ನೀರಿನ ಗಡಸುತನವನ್ನೂ ಇಲ್ಲಿ ಹೇಳಬೇಕು. ಕಾವೇರಿಯ ಸರದಿ ತಪ್ಪಿದ ದಿನ ಅಂಗಡಿಗಳು ಕೊಳವೆಬಾವಿ ಅಥವಾ ಟ್ಯಾಂಕರ್ ನೀರನ್ನು ಅವಲಂಬಿಸುತ್ತವೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಬಿಳಿ ಗಸಿಯಾಗುತ್ತವೆ, ನೊರೆ ನಿಲ್ಲುವುದಿಲ್ಲ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ಒಂದು ಲೀಟರ್ ನೀರು ಸುಮಾರು 2 ಗ್ರಾಂ ಸಾಬೂನನ್ನು ವ್ಯರ್ಥವಾಗಿ ನುಂಗುತ್ತದೆ. ಅಂಥ ನೀರನ್ನು ಬೆಚ್ಚಗೆ ಮಾಡಿದ ಮಾತ್ರಕ್ಕೆ ಅದು ಮೆದುವಾಗದು. ಕುದಿಸಿ ತಣಿಸಿ, ತಳದಲ್ಲಿ ಸುಣ್ಣದ ಕೆನೆ ಕೂರಲು ಬಿಟ್ಟರೆ ಮಾತ್ರ ಗಡಸುತನದ ಒಂದು ಭಾಗ ಇಳಿಯುತ್ತದೆ. ಅದಕ್ಕಿಂತ ಸುಲಭವಾದ ದಾರಿಯೊಂದಿದೆ: ಮಳೆಗಾಲದಲ್ಲಿ ಸೂರಿನಿಂದ ಹಿಡಿದಿಟ್ಟ ನೀರು. ಮಳೆನೀರಿನಷ್ಟು ಸೊಗಸಾಗಿ ನೊರೆ ಕೊಡುವ ನೀರು ಬೇರೊಂದಿಲ್ಲವೆಂಬುದು ಮಲೆನಾಡಿನವರಿಗೆ ತಿಳಿದೇ ಇದೆ.

ತಣ್ಣನೆಯದೂ ಪುಕ್ಕಟೆಯಲ್ಲ

ತಣ್ಣೀರಿನಲ್ಲಿಯೂ ಸುಲಭವಾಗಿ ನೊರೆ ಬರುವಂತಾದದ್ದು ಕ್ರೀಮಿನಿಂದ. ಗಟ್ಟಿ ಸಾಬೂನಿನ ಸೋಡಿಯಂ ಲವಣಗಳು ತಣ್ಣೀರಿನಲ್ಲಿ ಕರಗಲು ಹಿಂಜರಿಯುತ್ತವೆ. ಕ್ಷೌರದ ಕ್ರೀಮಿನಲ್ಲಿ ಹೆಚ್ಚಾಗಿರುವ ಪೊಟ್ಯಾಸಿಯಂ ಲವಣಗಳು ಮೆದುವಾಗಿದ್ದು ಬೇಗ ಕರಗುತ್ತವೆ. ಬಿಸಿನೀರಿನ ಅನಿವಾರ್ಯತೆ ತಗ್ಗಲು ಇದೂ ಒಂದು ಕಾರಣ. ಆದರೆ ಕ್ರೀಮಿನ ಬೆನ್ನೆಲುಬಾದ ಸ್ಟಿಯರಿಕ್ ಆಮ್ಲ ಬಹುಪಾಲು ತಾಳೆ ಎಣ್ಣೆಯಿಂದ ಬರುತ್ತದೆ. ಜಗತ್ತಿನಲ್ಲಿ ಅತ್ಯಧಿಕ ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ಭಾರತ. ಇಂಡೋನೇಷ್ಯ, ಮಲೇಷ್ಯಗಳ ಮಳೆಕಾಡುಗಳು ಈ ಬೆಳೆಗಾಗಿ ನೆಲಸಮವಾದದ್ದನ್ನು ಮರೆಯುವಂತಿಲ್ಲ. ಬಟಾಣಿ ಗಾತ್ರದ ಕ್ರೀಮನ್ನು ಬ್ರಷ್ಷಿನಲ್ಲಿ ತಾಳ್ಮೆಯಿಂದ ಕಡೆದರೆ ಮುಖ ತುಂಬುವಷ್ಟು ನೊರೆ ಸಿಗುತ್ತದೆ. ಡಬ್ಬಿಯ ನೊರೆಯಲ್ಲಿ ಈ ಮಿತವ್ಯಯಕ್ಕೆ ಎಡೆಯಿಲ್ಲ. ಅದನ್ನು ಚಿಮ್ಮಿಸುವುದು ಐಸೋಬ್ಯೂಟೇನ್, ಪ್ರೊಪೇನ್‌ಗಳಂಥ ಪೆಟ್ರೋಲಿಯಂ ಅನಿಲ. ಮುಗಿದ ಮೇಲೆ ಉಳಿಯುವುದು ಒಂದು ಲೋಹದ ಡಬ್ಬಿ.

‘ಕೂಲ್’ ಎಂದು ಮಾರುವ ಕ್ರೀಮುಗಳ ತಂಪು ನಿಜವಾದ ತಂಪೇ ಅಲ್ಲ. ಮೆಂಥಾಲ್ ಎಂಬ ವಸ್ತು ಚರ್ಮದಲ್ಲಿ ತಂಪನ್ನು ಗ್ರಹಿಸುವ ನರತುದಿಗಳನ್ನು ಕೆರಳಿಸುತ್ತದೆ. ಚರ್ಮದ ಉಷ್ಣತೆ ಇಳಿಯದಿದ್ದರೂ ಮಿದುಳಿಗೆ ತಂಪೆಂಬ ಸುದ್ದಿ ತಲುಪುತ್ತದೆ. ಮೆಣಸಿನಕಾಯಿ ಉರಿಯೆಂಬ ಸುದ್ದಿ ಕಳಿಸುವುದೂ ಇಂಥದೇ ದಾರಿಯಲ್ಲಿ. ಈ ಗ್ರಾಹಕಗಳನ್ನು ಕುರಿತ ಸಂಶೋಧನೆಗಾಗಿಯೇ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಸಂದಿತು. ನೈಸರ್ಗಿಕ ಮೆಂಥಾಲ್ ಬರುವುದು ಜಪಾನಿ ಪುದೀನಾ ಎಂಬ ಬೆಳೆಯಿಂದ. ಉತ್ತರ ಪ್ರದೇಶದ ಬಾರಾಬಂಕಿ ಸುತ್ತಮುತ್ತ ಇದರ ಕೃಷಿ ಬಹು ವ್ಯಾಪಕವಾಗಿದೆ. ಗೋಧಿ, ಭತ್ತಗಳ ನಡುವಣ ಕಡುಬೇಸಿಗೆಯಲ್ಲಿ ಬೆಳೆಯುವ ಇದಕ್ಕೆ ಮತ್ತೆ ಮತ್ತೆ ನೀರುಣಿಸಬೇಕು. ಆ ನೀರು ಬಹುಮಟ್ಟಿಗೆ ನೆಲದಡಿಯದು. ಲಖನೌದ ಸಿಮ್ಯಾಪ್ ಸಂಸ್ಥೆ ‘ಕೋಸಿ’ಯಂಥ ತಳಿಗಳನ್ನು ಕೊಟ್ಟು ರೈತರಿಗೆ ನೆರವಾಗಿದೆ. ಆದರೂ ರಾಜಾಜಿನಗರದ ಕೆನ್ನೆಯ ತಂಪಿಗೆ ಬಾರಾಬಂಕಿಯ ಅಂತರ್ಜಲ ವ್ಯಯವಾಗುತ್ತದೆ ಎಂಬುದು ಸುಳ್ಳಾಗದು.

ನೊರೆ ಹೋಗುವ ದಾರಿ

ಬ್ಲೇಡಿನಿಂದ ಒರೆಸಿ ತೆಗೆದ ನೊರೆ ಎಲ್ಲಿಗೆ ಹೋಗುತ್ತದೆ? ಪಶ್ಚಿಮ ಬೆಂಗಳೂರಿನ ಬಹುಪಾಲು ಕೊಳೆನೀರಿನ ಇಳಿಜಾರು ವೃಷಭಾವತಿ ಕಣಿವೆಯತ್ತ. ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯ ಬಳಿ ಹಾದು, ಕೆಂಗೇರಿ ದಾಟಿ, ಬಿಡದಿ ಸಮೀಪದ ಬೈರಮಂಗಲ ಜಲಾಶಯ ಸೇರಿ, ಮುಂದೆ ಅರ್ಕಾವತಿಯ ಮೂಲಕ ಆ ನೀರು ಕಾವೇರಿಗೇ ಮರಳುತ್ತದೆ. ತೊರೆಕಾಡನಹಳ್ಳಿಯಿಂದ ಬೆಟ್ಟದೆತ್ತರಕ್ಕೆ ಏರಿ ಬಂದ ನೀರು ಕೊಳೆಯಾಗಿ ಕೆಳಗಿಳಿಯುವ ದಾರಿಯಿದು. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಬೈರಮಂಗಲದಲ್ಲಿ ಇಂದು ನೊರೆ ತೇಲುತ್ತದೆ. ಅದರ ಕೆಳಗಿನ ರೈತರು ಆ ನೀರಿನಲ್ಲೇ ಮೇವಿನ ಹುಲ್ಲು, ಹಿಪ್ಪುನೇರಳೆ ಬೆಳೆಯುತ್ತಾರೆ.

ಈ ನೊರೆಯ ಹೊಣೆಯನ್ನು ಕ್ಷೌರದಂಗಡಿಗಳ ಮೇಲೆ ಹೊರಿಸುವುದು ಅನ್ಯಾಯ. ಬಟ್ಟೆ ಒಗೆಯುವ ಮಾರ್ಜಕಗಳು, ಶುದ್ಧೀಕರಿಸದ ಚರಂಡಿ ನೀರು, ಕೈಗಾರಿಕೆಗಳ ತ್ಯಾಜ್ಯ ಇವು ಮುಖ್ಯ ಕಾರಣಗಳು. ಕೊಬ್ಬಿನ ಆಮ್ಲಗಳಿಂದಾದ ಸರಳ ಸಾಬೂನು ಸೂಕ್ಷ್ಮಾಣುಗಳಿಗೆ ಬೇಗ ಆಹಾರವಾಗಿ ಕರಗಿಹೋಗುತ್ತದೆ. ಆದರೂ ಬಳಸಿದ ನೊರೆಯನ್ನು ಸಿಂಕಿಗೆ ತೊಳೆಯದೆ, ಹಳೆಯ ಕ್ಷೌರಿಕರಂತೆ ಕಾಗದದ ತುಂಡಿಗೆ ಒರೆಸಿ ತೆಗೆಯುವ ರೂಢಿ ಇಂದಿಗೂ ಮೇಲಾದುದು. ಕೂದಲು ಕೊಳವೆಯನ್ನು ಕಟ್ಟಿಹಾಕುವುದೂ ಇದರಿಂದ ತಪ್ಪುತ್ತದೆ.

ಪಶ್ಚಿಮ ಬೆಂಗಳೂರಿಗೆ ಹಿಂದೆ ತನ್ನದೇ ಆದ ನೀರಿನಾಸರೆಯಿತ್ತು. ಅರ್ಕಾವತಿಗೆ ಕಟ್ಟಿದ, 1933ರಲ್ಲಿ ಪೂರ್ಣಗೊಂಡ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಳ ಕಾಲ ಈ ಭಾಗಕ್ಕೆ ನೀರುಣಿಸಿತು. ಹರಿವು ಬತ್ತಿ, ಕೊಳೆ ಸೇರಿ, 2010ರ ದಶಕದ ಆರಂಭದಲ್ಲಿ ಅದರ ಪೂರೈಕೆ ನಿಂತಿತು. ಈಗ ಆ ಜಲಾಶಯಕ್ಕೂ ಸಕಲೇಶಪುರದ ಎತ್ತಿನಹೊಳೆಯ ನೀರನ್ನು ತರುವ ಉದ್ದೇಶ ಯೋಜನೆಯಲ್ಲಿದೆ. ಶರಾವತಿಯ ನೀರನ್ನೇ ರಾಜಧಾನಿಗೆ ಒಯ್ಯುವ ಪ್ರಸ್ತಾವದ ವಿರುದ್ಧ ಶಿವಮೊಗ್ಗ ಜಿಲ್ಲೆ 2019ರ ಜುಲೈನಲ್ಲಿ ಬಂದ್ ಆಚರಿಸಿತ್ತು. ಕಾವೇರಿ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಒದಗುವಂತಾದರೂ ನಗರದ ದಾಹ ತಣಿಯುವ ಸೂಚನೆಗಳಿಲ್ಲ. ತೆರೆದಿಟ್ಟ ನಲ್ಲಿಗೂ ಬೆಟ್ಟದ ಹೊಳೆಗೂ ಇರುವ ನಂಟು ಇದು.

ಕತ್ತಿ ಹಿಡಿದವರ ಸಮಯ

ಶಾಖವು ಸಮಯದ ಬದಲಿಯೆಂದ ಮೇಲೆ, ಸಮಯದ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಮೂರು ನಾಲ್ಕು ನಿಮಿಷ ಬ್ರಷ್ಷಾಡಿಸುವುದು ಕ್ಷೌರಿಕರ ತೋಳಿನ ಶ್ರಮ. ಭಾನುವಾರ ಬೆಳಿಗ್ಗೆ ಗಿರಾಕಿಗಳು ಬೆಂಚಿನ ಮೇಲೆ ಸಾಲಾಗಿ ಕುಳಿತು ಗಡಿಯಾರ ನೋಡುತ್ತಿರುವಾಗ ಆ ನಿಮಿಷಗಳು ಎರಡಕ್ಕೆ, ಒಂದಕ್ಕೆ ಇಳಿಯುತ್ತವೆ. ಅರೆನೆಂದ ಗಡ್ಡದ ಮೇಲೆ ಬ್ಲೇಡು ಎಳೆದು ಗೀರು ಬಿದ್ದರೆ ದೂರು ಮಾತ್ರ ತಣ್ಣೀರಿನ ಮೇಲೆ. ಬಾಡಿಗೆಯ ಮಳಿಗೆಯಲ್ಲಿ ದುಡಿಯುವವರಿಗೆ ಸೌರ ಒಲೆಯಿಡಲೋ ಮಳೆನೀರು ಹಿಡಿಯಲೋ ಮೇಲ್ಛಾವಣಿಯ ಹಕ್ಕಿಲ್ಲ. ಅದು ಕಟ್ಟಡದ ಮಾಲೀಕರದು. ಗೀಸರು, ಟವೆಲ್ಲು ಕಾಯಿಸುವ ಪೆಟ್ಟಿಗೆಗಳ ಸಾಲ ತೀರಿಸಬೇಕಾದವರೂ ಅವರೇ.

ಇವರ ಬದುಕು ಎಷ್ಟು ತೆಳುವಾದ ನೆಲದ ಮೇಲೆ ನಿಂತಿದೆ ಎಂಬುದು 2020ರ ಲಾಕ್‌ಡೌನಿನಲ್ಲಿ ಬಯಲಾಯಿತು. ಅಂಗಡಿಗಳು ಮುಚ್ಚಿದಾಗ ರಾಜ್ಯದ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ಒಂದು ಬಾರಿಯ ಪರಿಹಾರವನ್ನು ಸರ್ಕಾರ ಆ ವರ್ಷದ ಮೇ ತಿಂಗಳಲ್ಲಿ ಘೋಷಿಸಿತು. ಕಡಿಮೆ ನೀರಿನಲ್ಲಿ, ಕಡಿಮೆ ವಿದ್ಯುತ್ತಿನಲ್ಲಿ ನಗರಕ್ಕೆ ಸೇವೆ ಸಲ್ಲಿಸುವ ಕಸುಬೊಂದು ಹಿಂದುಳಿದದ್ದೆಂಬ ಹಣೆಪಟ್ಟಿ ಹೊತ್ತು, ಬಿಸಿನೀರಿನ ಆಡಂಬರದೆದುರು ಸೋಲುವುದು ಆ ಸಮುದಾಯದ ನಷ್ಟವಷ್ಟೇ ಅಲ್ಲ.

ಆದ್ದರಿಂದ ತೀರ್ಮಾನವನ್ನು ಋತುಮಾನಕ್ಕೂ ಗಡ್ಡಕ್ಕೂ ಬಿಡುವುದು ಲೇಸು. ಏಪ್ರಿಲಿನ ಮಧ್ಯಾಹ್ನ ಮಾಳಿಗೆಯ ಕಪ್ಪು ಟ್ಯಾಂಕಿನ ನೀರನ್ನು ಸೂರ್ಯನೇ ಕಾಯಿಸಿಟ್ಟಿರುತ್ತಾನೆ. ಅದಕ್ಕೆ ಮತ್ತೆ ಗೀಸರು ಹಾಕುವುದು ಅವಿವೇಕ. ವರ್ಷದ ಬಹುಕಾಲ, ಬಹುತೇಕ ಗಡ್ಡಗಳಿಗೆ, ಕ್ರೀಮು ಮತ್ತು ಬ್ರಷ್ಷಿನೊಡನೆ ತಣ್ಣೀರು ಸಾಕು. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ, ಒರಟು ಗಡ್ಡದವರಿಗೆ, ವಯಸ್ಸಾಗಿ ಚರ್ಮ ಸಡಿಲಾದವರಿಗೆ ಒಂದು ಬಟ್ಟಲು ಬೆಚ್ಚನೆಯ ನೀರು ಯೋಗ್ಯವೇ. ಅದಕ್ಕಾಗಿ ಯಾರೂ ಸಂಕೋಚಪಡಬೇಕಾಗಿಲ್ಲ. ಬಚ್ಚಲ ಹಂಡೆಯಲ್ಲಿ ಹೇಗೂ ನೀರು ಕಾಯುತ್ತಿರುವ ಮಲೆನಾಡಿನ ಮನೆಗಳಲ್ಲಿ ಅದರಿಂದ ಒಂದು ಚೊಂಬು ತೆಗೆದುಕೊಂಡರೆ ಸೌದೆಯೇನೂ ಹೆಚ್ಚು ಉರಿಯದು. ಬಿಸಿಯಾಗಲಿ ತಣ್ಣಗಾಗಲಿ, ನೀರು ನಲ್ಲಿಯಿಂದ ಹರಿಯದೆ ಬಟ್ಟಲಿನಲ್ಲಿರಬೇಕು. ಡಬ್ಬಿಯ ನೊರೆಗಿಂತ ಬ್ರಷ್ಷಿನ ನೊರೆ ಲೇಸು. ಗಿರಾಕಿಗಳು ಗಡಿಯಾರ ನೋಡುವುದನ್ನು ಬಿಟ್ಟು, ಬ್ರಷ್ಷಾಡಿಸುವ ಆ ನಾಲ್ಕು ನಿಮಿಷಗಳಿಗೆಂದು ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಗೀಸರಿಗಿಂತ ಉತ್ತಮವಾದ ಕ್ಷೌರ ಅವರಿಗೆ ದೊರೆಯುತ್ತದೆ. ಆ ಹತ್ತು ರೂಪಾಯಿ ವಿದ್ಯುತ್ ಬಿಲ್ಲಿಗೆ ಹೋಗದೆ ದುಡಿದ ಕೈಯಲ್ಲೇ ಉಳಿಯುತ್ತದೆ.